ದೃಷ್ಟಿ ಕುಂದಿದವರಿಗೆ ಕಾಯಕದ ದಾರಿ: ವೃತ್ತಿ ಪುನರ್ವಸತಿಯನ್ನು ಕುರಿತು



ಶ್ರೀಮಠದ ದರ್ಶನಕ್ಕೆ ಬರುವ ಕುಟುಂಬಗಳಲ್ಲಿ ಕೆಲವು ಒಂದೇ ಬಗೆಯ ಸಂಕಟವನ್ನು ನಮ್ಮ ಮುಂದೆ ಇಡುತ್ತವೆ. ಮನೆಗೆ ಆಧಾರವಾಗಿ ದುಡಿಯುತ್ತಿದ್ದ ಮಗನಿಗೋ, ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಸೊಸೆಗೋ, ಅಂಗಡಿ ನಡೆಸುತ್ತಿದ್ದ ಯಜಮಾನರಿಗೋ ದೃಷ್ಟಿ ಕುಂದಿದೆ. ಹೋದ ದೃಷ್ಟಿ ಮರಳಿ ಬಾರದೆಂದು ವೈದ್ಯರು ತಿಳಿಸಿದ್ದಾರೆ. ಇನ್ನು ಮುಂದೇನು ಎಂಬುದು ಅವರ ಪ್ರಶ್ನೆ. ಇಂತಹ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಸಂಗತಿಗಳು ನಡೆಯುತ್ತವೆ. ಒಂದು, ಊರಿಂದೂರಿಗೆ ಚಿಕಿತ್ಸೆಗಾಗಿ ಅಲೆದಾಟ. ಇನ್ನೊಂದು, 'ನೀನು ಏನೂ ಮಾಡಬೇಡ, ಸುಮ್ಮನೆ ಕುಳಿತುಕೋ, ನಾವಿದ್ದೇವೆ' ಎಂಬ ಪ್ರೀತಿಯ ಮಾತು. ಆ ಮಾತು ಅಂತಃಕರಣದಿಂದಲೇ ಬಂದಿರುತ್ತದೆ. ಆದರೆ ಕುಳಿತವರು ಒಂದು ವರ್ಷ ಕಳೆಯುವಷ್ಟರಲ್ಲಿ ನಡೆಯುವ ಧೈರ್ಯವನ್ನೂ, ಎರಡು ವರ್ಷ ಕಳೆಯುವಷ್ಟರಲ್ಲಿ ಮನೆಯ ವ್ಯವಹಾರದಲ್ಲಿ ಮಾತನಾಡುವ ಹಕ್ಕನ್ನೂ ಕಳೆದುಕೊಳ್ಳುತ್ತಾರೆ. ಕಣ್ಣು ಕಸಿಯದೇ ಉಳಿಸಿದ್ದನ್ನು ಈ ಕುಳಿತಿರುವಿಕೆ ಕಸಿಯುತ್ತದೆ.

ಕಾಯಕವನ್ನು ಬದುಕಿನ ಕೇಂದ್ರದಲ್ಲಿಟ್ಟ ಶರಣ ಪರಂಪರೆ ನಮ್ಮದು. ಪ್ರತಿಯೊಬ್ಬರೂ ತಮ್ಮ ದುಡಿಮೆಯಿಂದ ಬದುಕಿ, ಆ ದುಡಿಮೆಯಿಂದಲೇ ದಾಸೋಹ ಮಾಡಬೇಕೆಂಬುದು ಅದರ ತಿರುಳು. ಹೀಗಿರುವಾಗ ದೃಷ್ಟಿ ಕುಂದಿದವರನ್ನು ಕಾಯಕದಿಂದ ಬಿಡಿಸಿ ಕೇವಲ ದಾಸೋಹವನ್ನು ಸ್ವೀಕರಿಸುವವರನ್ನಾಗಿ ಇರಿಸುವುದು ಅವರಿಗೆ ಸಲ್ಲಬೇಕಾದುದರಲ್ಲಿ ಅರ್ಧವನ್ನು ಮಾತ್ರ ಸಲ್ಲಿಸಿದಂತೆ. ಉಳಿದರ್ಧವನ್ನು ಸಲ್ಲಿಸುವ ವ್ಯವಸ್ಥೆಗೆ ಇಂದಿನ ಭಾಷೆಯಲ್ಲಿ ವೃತ್ತಿ ಪುನರ್ವಸತಿ ಎಂದು ಹೆಸರು. ಅದು ಏನು, ಎಲ್ಲಿಂದ ಆರಂಭವಾಗುತ್ತದೆ, ಅದರಲ್ಲಿ ಮನೆಯವರ ಮತ್ತು ಸಮಾಜದ ಪಾಲೇನು ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಬಯಸುತ್ತೇವೆ.

ಅಂಧತ್ವ ಮತ್ತು ಮಂದದೃಷ್ಟಿ

ದೃಷ್ಟಿದೋಷವೆಂದರೆ ಪೂರ್ಣ ಕತ್ತಲೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದು ಸರಿಯಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಅಂಧತ್ವ ಮತ್ತು ಮಂದದೃಷ್ಟಿಗಳನ್ನು ಬೇರೆ ಬೇರೆಯಾಗಿ ವಿವರಿಸಿದೆ. ಸೂಕ್ತ ಕನ್ನಡಕ ಧರಿಸಿದ ಮೇಲೂ ಹೆಚ್ಚು ಚೆನ್ನಾಗಿರುವ ಕಣ್ಣಿನ ದೃಷ್ಟಿ 3/60ಕ್ಕಿಂತ ಕಡಿಮೆ ಇದ್ದರೆ ಅದು ಅಂಧತ್ವ. ಅಂದರೆ, ಸಾಮಾನ್ಯ ಕಣ್ಣಿನವರು 60 ಮೀಟರ್ ದೂರದಿಂದ ಗುರುತಿಸುವ ಅಕ್ಷರವನ್ನು 3 ಮೀಟರ್ ಸಮೀಪಕ್ಕೆ ಬಂದರೂ ಗುರುತಿಸಲಾಗದ ಸ್ಥಿತಿ. 6/18ರಿಂದ 3/60ರವರೆಗಿನ ದೃಷ್ಟಿಯನ್ನು ಮಂದದೃಷ್ಟಿ ಎನ್ನುತ್ತಾರೆ. ನೋಟದ ಹರವು 40 ಡಿಗ್ರಿಗಿಂತ ಕಡಿಮೆಯಾದರೆ ಮಂದದೃಷ್ಟಿಯೆಂದೂ, 10 ಡಿಗ್ರಿಗಿಂತ ಕಡಿಮೆಯಾದರೆ ಅಂಧತ್ವವೆಂದೂ ಪರಿಗಣಿಸಲಾಗುತ್ತದೆ.

ಈ ಕೊನೆಯ ಮಾತನ್ನು ಭಕ್ತರು ವಿಶೇಷವಾಗಿ ಗಮನಿಸಬೇಕು. ಕಣ್ಣಿನ ಒಳಪರದೆಯು ಅಂಚಿನಿಂದ ಸವೆಯುತ್ತ ಬರುವ ಕೆಲವು ಅನುವಂಶಿಕ ರೋಗಗಳಲ್ಲಿ ಮೊದಲು ಇರುಳುಗಣ್ಣು ಕಾಣಿಸಿಕೊಳ್ಳುತ್ತದೆ; ಅನಂತರ ನೋಟದ ಹರವು ಕಿರಿದಾಗುತ್ತ, ಕೊಳವೆಯೊಳಗಿನಿಂದ ಜಗತ್ತನ್ನು ನೋಡಿದಂತಾಗುತ್ತದೆ. ಇಂತಹವರು ಹಗಲಿನಲ್ಲಿ ದಿನಪತ್ರಿಕೆಯನ್ನು ಓದಬಲ್ಲರು, ಆದರೆ ಸಂಜೆ ಅಂಗಳದಲ್ಲಿರುವ ಗೋದಲಿಯನ್ನು ಎಡವಿ ಬೀಳುತ್ತಾರೆ. ಇದನ್ನು ಕಂಡವರು 'ಪೇಪರ್ ಓದುವಾಗ ಕಾಣಿಸುವ ಕಣ್ಣು ಕೆಲಸ ಹೇಳಿದಾಗ ಕಾಣಿಸುವುದಿಲ್ಲವೇ' ಎಂದು ಹಂಗಿಸುವುದುಂಟು. ಕಣ್ಣಿನ ನಡುಭಾಗ ಹಾಳಾದವರಲ್ಲಿ ಇದಕ್ಕೆ ವಿರುದ್ಧವಾದುದು ನಡೆಯುತ್ತದೆ. ಅವರು ಸಲೀಸಾಗಿ ನಡೆದಾಡುತ್ತಾರೆ, ಆದರೆ ಎದುರಿಗೆ ನಿಂತವರ ಮುಖವನ್ನು ಗುರುತಿಸಲಾರರು, ಅಕ್ಷರಗಳನ್ನು ಓದಲಾರರು. ಗುರುತಿಸದೆ ಮುಂದೆ ಹೋದವರನ್ನು ಜನ ಗರ್ವಿಷ್ಠರೆಂದು ತಿಳಿಯುತ್ತಾರೆ. ಇಬ್ಬರ ಮೇಲೂ ಬಂದ ಆರೋಪ ಸುಳ್ಳು. ಉಳಿದಿರುವ ದೃಷ್ಟಿ ಯಾವ ಬಗೆಯದು ಎಂಬುದನ್ನು ಅರಿತುಕೊಂಡರೆ ಯಾವ ಕೆಲಸ ಸಾಧ್ಯ ಎಂಬುದೂ ತಿಳಿಯುತ್ತದೆ. ಆದ್ದರಿಂದಲೇ ಪುನರ್ವಸತಿಯ ಮೊದಲ ಹೆಜ್ಜೆ ನೇತ್ರತಜ್ಞರಿಂದ ಮಾಡಿಸುವ ಮಂದದೃಷ್ಟಿ ಪರೀಕ್ಷೆ. ತಕ್ಕ ಭೂತಗನ್ನಡಿ, ಪುಸ್ತಕದ ಮೇಲೆ ನೇರವಾಗಿ ಬೀಳುವ ದೀಪ, ಬಿಳಿ ಹಾಳೆಯ ಮೇಲೆ ದಪ್ಪ ಕಪ್ಪು ಬರಹ, ಕಪ್ಪು ತಟ್ಟೆಯಲ್ಲಿ ಬಿಳಿ ಅನ್ನ: ಇಂತಹ ಸಣ್ಣ ಬದಲಾವಣೆಗಳಿಂದಲೇ ಎಷ್ಟೋ ಜನರು ತಮ್ಮ ಹಿಂದಿನ ಕೆಲಸದ ಬಹುಭಾಗವನ್ನು ಮುಂದುವರಿಸಬಲ್ಲರು.

ಗದುಗಿನ ಪುಣ್ಯಾಶ್ರಮ ಕಲಿಸಿದ ಪಾಠ

'ವೃತ್ತಿ ಪುನರ್ವಸತಿ' ಎಂಬ ಪದ ಹೊಸದಿರಬಹುದು. ಅದರ ಆಚರಣೆ ನಮ್ಮ ನಾಡಿಗೆ ಹೊಸದಲ್ಲ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಪಂಡಿತ ಪಂಚಾಕ್ಷರಿ ಗವಾಯಿಗಳವರಿಗೆ ದೃಷ್ಟಿ ಇರಲಿಲ್ಲ. ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳು ಆ ಬಾಲಕನಿಗೆ ಒಂದು ಹೊತ್ತಿನ ಪ್ರಸಾದ ನೀಡಿ ಕೈತೊಳೆದುಕೊಳ್ಳಲಿಲ್ಲ. ಸಂಗೀತ ಶಿಕ್ಷಣದ ವ್ಯವಸ್ಥೆ ಮಾಡಿದರು, ಕಲಿಕೆಗೆ ಬೇಕಾದ ವರ್ಷಗಳಷ್ಟು ಕಾಲ ಬೆನ್ನಿಗೆ ನಿಂತರು. ಕಲಿತು ಪಂಡಿತರಾದ ಗವಾಯಿಗಳವರು ಅಂಧರಿಗೂ ಅನಾಥರಿಗೂ ಸಂಗೀತವನ್ನು ಕಲಿಸಿದರು. ಗದುಗಿನ ಶ್ರೀ ವೀರೇಶ್ವರ ಪುಣ್ಯಾಶ್ರಮ ಆ ವಿದ್ಯಾದಾನದ ನೆಲೆಯಾಯಿತು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆಶ್ರಮದ ಹೊಣೆ ಹೊತ್ತವರು ಪಂಡಿತ ಪುಟ್ಟರಾಜ ಗವಾಯಿಗಳವರು. ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡಿದ್ದ ಅವರು ಹಲವು ವಾದ್ಯಗಳಲ್ಲಿ ಪರಿಣತರಾಗಿ, ಕನ್ನಡ, ಸಂಸ್ಕೃತ, ಹಿಂದಿ ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿ, ನಾಟಕ ಸಂಘವನ್ನು ನಡೆಸಿ, 2010ರಲ್ಲಿ ಪದ್ಮಭೂಷಣ ಗೌರವಕ್ಕೆ ಪಾತ್ರರಾದರು.

ಈ ಚರಿತ್ರೆಯನ್ನು ನಾವು ಭಕ್ತಿಯಿಂದ ಸ್ಮರಿಸುತ್ತೇವೆ. ಆದರೆ ಅದರೊಳಗಿನ ಕ್ರಮವನ್ನೂ ಗಮನಿಸಬೇಕು. ಅಲ್ಲಿ ನಾಲ್ಕು ಅಂಶಗಳಿದ್ದವು: ಕಲಿಸುವ ಗುರು, ಕಲಿಯಲು ಸಾಕಷ್ಟು ಕಾಲ, ಇರಲು ನೆಲೆ, ಕಲಿತದ್ದನ್ನು ಪ್ರದರ್ಶಿಸಿ ಗಳಿಸಲು ವೇದಿಕೆ. ಈ ನಾಲ್ಕೂ ಕೂಡಿದಾಗ ಮಾತ್ರ ವಿದ್ಯೆಯು ವೃತ್ತಿಯಾಗುತ್ತದೆ. ಇನ್ನೊಂದು ಅಂಶವೂ ಉಂಟು. ಪಂಚಾಕ್ಷರಿ ಗವಾಯಿಗಳವರ ಶಿಷ್ಯರಲ್ಲಿ ದೃಷ್ಟಿಯುಳ್ಳವರೂ ಇದ್ದರು. ಪಂಡಿತ ಬಸವರಾಜ ರಾಜಗುರು ಅವರು ಆ ಶಿಷ್ಯಪರಂಪರೆಗೆ ಸೇರಿದವರು. ಕಣ್ಣುಳ್ಳವರು ಕಣ್ಣಿಲ್ಲದವರ ಬಳಿ ಕಲಿಯಲು ಕುಳಿತ ಕ್ಷಣದಲ್ಲಿ ಅನುಕಂಪದ ಸಂಬಂಧ ಅಳಿದು ಗೌರವದ ಸಂಬಂಧ ಏರ್ಪಡುತ್ತದೆ. ಪುನರ್ವಸತಿಯ ಗುರಿ ಇದೇ.

ಆದರೆ ಈ ಉಜ್ವಲ ಉದಾಹರಣೆಯಿಂದ ಒಂದು ತಪ್ಪು ಗ್ರಹಿಕೆಯೂ ಹುಟ್ಟಿದೆ. ದೃಷ್ಟಿ ಇಲ್ಲದವರೆಂದರೆ ಸಂಗೀತವೇ ಗತಿ ಎಂದು ಬಹಳ ಜನ ಭಾವಿಸುತ್ತಾರೆ. ಕಣ್ಣುಳ್ಳವರಲ್ಲಿ ಎಲ್ಲರಿಗೂ ಸ್ವರಜ್ಞಾನ ಇರುವುದಿಲ್ಲ, ಕಣ್ಣಿಲ್ಲದವರಲ್ಲಿಯೂ ಹಾಗೆಯೇ. ಲೆಕ್ಕದಲ್ಲಿ ಚುರುಕಾದ ಹುಡುಗನನ್ನು ಹಾರ್ಮೋನಿಯಂ ಮುಂದೆ ಕೂರಿಸುವುದು ಅವನಿಗೂ ಸಂಗೀತಕ್ಕೂ ಮಾಡುವ ಅನ್ಯಾಯ.

ಪುನರ್ವಸತಿಯ ಮೆಟ್ಟಿಲುಗಳು

ವೃತ್ತಿ ತರಬೇತಿಯು ವೃತ್ತಿಯಿಂದ ಆರಂಭವಾಗುವುದಿಲ್ಲ. ಅದಕ್ಕೆ ಮೊದಲು ಮೂರು ಮೆಟ್ಟಿಲುಗಳಿವೆ. ಇವನ್ನು ಬಿಟ್ಟು ನೇರವಾಗಿ ಕಂಪ್ಯೂಟರ್ ತರಗತಿಗೆ ಸೇರಿಸಿದವರು ಅರ್ಧದಲ್ಲಿ ಮರಳಿ ಬರುವುದು ಸಹಜ.

ಮೊದಲನೆಯದು ನಿತ್ಯಜೀವನದ ಕೌಶಲ. ತನ್ನ ಬಟ್ಟೆಯನ್ನು ತಾನೇ ಆಯ್ದು ತೊಡುವುದು, ಲೋಟದ ಅಂಚಿನಲ್ಲಿ ಬೆರಳಿಟ್ಟು ನೀರು ತುಂಬಿಸುವುದು, ಒಲೆಯ ಉರಿಯನ್ನು ಸದ್ದಿನಿಂದಲೂ ಕಾವಿನಿಂದಲೂ ಅಳೆಯುವುದು ಇತ್ಯಾದಿ. ನಮ್ಮ ಉತ್ತರ ಕರ್ನಾಟಕದ ತಾಯಂದಿರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ರೊಟ್ಟಿ ತಟ್ಟುವಾಗ ಹಿಟ್ಟಿನ ಹದವನ್ನು ತಿಳಿಯುವುದು ಕೈ. ರೊಟ್ಟಿ ತೆಳುವಾಯಿತೆಂದು ಹೇಳುವುದು ತಟ್ಟುವ ಸಪ್ಪಳ. ಬೆಂದಿತೆಂದು ತಿಳಿಸುವುದು ಅದರ ವಾಸನೆ. ಕಣ್ಣು ಇಲ್ಲಿ ಸಹಾಯಕ ಮಾತ್ರ. ದೃಷ್ಟಿ ಹೋದ ಗೃಹಿಣಿಯನ್ನು ಅಡುಗೆಮನೆಯಿಂದ ಹೊರಗಿರಿಸುವ ಬದಲು, ಸಾಮಾನುಗಳನ್ನು ನಿಗದಿತ ಜಾಗದಲ್ಲಿರಿಸಿ, ಸುರಕ್ಷಿತವಾಗಿ ಒಲೆ ಬಳಸುವ ವಿಧಾನವನ್ನು ಕಲಿಸಿದರೆ ಆಕೆಯ ಆತ್ಮವಿಶ್ವಾಸ ಅಲ್ಲಿಂದಲೇ ಮರಳತೊಡಗುತ್ತದೆ.

ಎರಡನೆಯದು ಚಲನವಲನ. ಬಿಳಿಯ ಕೋಲು ಕೇವಲ ಗುರುತಲ್ಲ, ಅದೊಂದು ಸಾಧನ. ಎರಡನೆಯ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರಿಗಾಗಿ ಅಮೆರಿಕದ ರಿಚರ್ಡ್ ಹೂವರ್ ಎಂಬವರು ಉದ್ದನೆಯ ಕೋಲನ್ನು ಎಡಬಲಕ್ಕೆ ಕಮಾನಿನಂತೆ ಬೀಸುತ್ತ ನಡೆಯುವ ಕ್ರಮವನ್ನು ರೂಪಿಸಿದರು. ಬಲಗಾಲು ಮುಂದೆ ಹೋಗುವಾಗ ಕೋಲಿನ ತುದಿ ಎಡಕ್ಕೂ, ಎಡಗಾಲು ಮುಂದೆ ಹೋಗುವಾಗ ಬಲಕ್ಕೂ ಸರಿಯುತ್ತದೆ. ಹೀಗೆ ಮುಂದಿನ ಹೆಜ್ಜೆ ಬೀಳುವ ಸ್ಥಳವನ್ನು ಕೋಲು ಮೊದಲೇ ಪರೀಕ್ಷಿಸಿರುತ್ತದೆ. ದೆಹಲಿಯ ಐಐಟಿಯಲ್ಲಿ ರೂಪುಗೊಂಡು 2014ರಲ್ಲಿ ಬಳಕೆಗೆ ಬಂದ 'ಸ್ಮಾರ್ಟ್‌ಕೇನ್' ಎಂಬ ಸಾಧನವನ್ನು ಕೋಲಿಗೆ ಜೋಡಿಸಿದರೆ, ಮೊಣಕಾಲಿನಿಂದ ಮೇಲೆ ಎದುರಾಗುವ ಅಡೆತಡೆಗಳನ್ನೂ ಅದು ಕಂಪನದ ಮೂಲಕ ತಿಳಿಸುತ್ತದೆ. ಕೋಲು ಹಿಡಿಯುವುದು ಅವಮಾನವೆಂದು ಭಾವಿಸುವ ಮನೆಗಳು ಇಂದಿಗೂ ಇವೆ. ಕನ್ನಡಕ ಧರಿಸುವುದರಲ್ಲಿ ಇಲ್ಲದ ಅವಮಾನ ಕೋಲು ಹಿಡಿಯುವುದರಲ್ಲಿ ಇರಲಾರದು.

ಮೂರನೆಯದು ಓದುಬರಹ. ಫ್ರಾನ್ಸ್ ದೇಶದ ಲೂಯಿ ಬ್ರೈಲ್ 1809ರಲ್ಲಿ ಚರ್ಮದ ಕೆಲಸ ಮಾಡುವವರ ಮನೆಯಲ್ಲಿ ಜನಿಸಿದರು. ಮೂರನೆಯ ವಯಸ್ಸಿನಲ್ಲಿ ತಂದೆಯ ಕಾರ್ಯಾಗಾರದ ಮೊನಚಾದ ಉಪಕರಣ ತಗುಲಿ ಒಂದು ಕಣ್ಣಿಗೆ ಗಾಯವಾಗಿ, ಮುಂದೆ ಎರಡೂ ಕಣ್ಣುಗಳ ದೃಷ್ಟಿ ಹೋಯಿತು. ಆರು ಉಬ್ಬುಚುಕ್ಕಿಗಳ ಜೋಡಣೆಯಿಂದ ಎಲ್ಲ ಅಕ್ಷರಗಳನ್ನೂ ಬರೆಯುವ ಅವರ ಲಿಪಿ 1829ರಲ್ಲಿ ಪ್ರಕಟವಾಯಿತು. ಭಾರತದ ಭಾಷೆಗಳಿಗೆಲ್ಲ ಹೊಂದುವಂತೆ ರೂಪಿಸಿದ ಭಾರತಿ ಬ್ರೈಲ್ 1951ರಲ್ಲಿ ಬಳಕೆಗೆ ಬಂತು. ಇದರಲ್ಲಿ ಕನ್ನಡದ 'ಕ' ಅಕ್ಷರಕ್ಕೂ ಹಿಂದಿಯ 'ಕ' ಅಕ್ಷರಕ್ಕೂ ಒಂದೇ ಚುಕ್ಕಿಗಳ ಗುರುತು. ಕನ್ನಡ ಬ್ರೈಲ್ ಕಲಿತವರಿಗೆ ದೇಶದ ಉಳಿದ ಭಾಷೆಗಳ ಲಿಪಿಯೂ ಅರ್ಧ ಕಲಿತಂತೆಯೇ. ಬಾಲ್ಯದಲ್ಲಿ ದೃಷ್ಟಿ ಇಲ್ಲದವರಿಗೆ ಬ್ರೈಲ್ ಅತ್ಯಗತ್ಯ. ಕಾಗುಣಿತವೂ ವಾಕ್ಯರಚನೆಯೂ ಕೇವಲ ಕೇಳುವುದರಿಂದ ಗಟ್ಟಿಯಾಗುವುದಿಲ್ಲ. ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರಿಗೆ, ಅದರಲ್ಲಿಯೂ ಸಕ್ಕರೆ ಕಾಯಿಲೆಯಿಂದ ಬೆರಳ ತುದಿಯ ಸ್ಪರ್ಶ ಮಂದವಾದವರಿಗೆ, ಬ್ರೈಲ್ ಕಷ್ಟವೆನಿಸಬಹುದು. ಅಂತಹವರಿಗೆ ಧ್ವನಿಯ ದಾರಿ ತೆರೆದಿದೆ.

ಆ ದಾರಿ ತೆರೆದದ್ದು ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ. 'ಎನ್‌ವಿಡಿಎ' ಎಂಬ ಇಂತಹ ತಂತ್ರಾಂಶವನ್ನು ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬ ಅಂಧ ಯುವಕರು 2006ರಲ್ಲಿ ಆರಂಭಿಸಿದರು. ಅದು ಇಂದಿಗೂ ಉಚಿತವಾಗಿ ದೊರೆಯುತ್ತದೆ, ಕನ್ನಡವನ್ನೂ ಓದುತ್ತದೆ. ನಮ್ಮ ಕೈಯಲ್ಲಿರುವ ಸಾಧಾರಣ ಆಂಡ್ರಾಯ್ಡ್ ಮೊಬೈಲ್‌ಗಳಲ್ಲಿ 'ಟಾಕ್‌ಬ್ಯಾಕ್' ಎಂಬ ವ್ಯವಸ್ಥೆ ಇದ್ದೇ ಇರುತ್ತದೆ. ಅದನ್ನು ಚಾಲನೆಗೊಳಿಸಿ ಕನ್ನಡ ಧ್ವನಿಯನ್ನು ಆಯ್ದುಕೊಂಡರೆ ಸಾಕು.

ವೃತ್ತಿಗಳು: ಅಂದು ಮತ್ತು ಇಂದು

ಈ ಮೂರು ಮೆಟ್ಟಿಲುಗಳ ಅನಂತರ ವೃತ್ತಿಯ ಆಯ್ಕೆ. ಒಂದು ಕಾಲದಲ್ಲಿ ಬೆತ್ತದ ಕುರ್ಚಿ ಹೆಣೆಯುವುದು, ನೇಯ್ಗೆ, ಮೇಣದಬತ್ತಿ ಮತ್ತು ಸೀಮೆಸುಣ್ಣ ತಯಾರಿಕೆ ಇವಿಷ್ಟೇ ಅಂಧರ ವೃತ್ತಿಗಳೆಂದು ಎಣಿಸಲಾಗುತ್ತಿತ್ತು. ಆಮೇಲೆ ಟೆಲಿಫೋನ್ ಆಪರೇಟರ್ ಹುದ್ದೆ ಬಂತು. ಪ್ಲಾಸ್ಟಿಕ್ ಕುರ್ಚಿ ಬಂದಾಗ ಬೆತ್ತದ ಕೆಲಸವೂ, ಮೊಬೈಲ್ ಬಂದಾಗ ಆಪರೇಟರ್ ಕೆಲಸವೂ ಕುಗ್ಗಿದವು. ಒಂದೇ ಕುಶಲತೆಗೆ ಜೀವನಪೂರ್ತಿ ಕಟ್ಟಿಹಾಕುವ ತರಬೇತಿ ಸಾಲದೆಂಬ ಪಾಠ ಇದರಲ್ಲಿದೆ. ಇಂದು ದೃಷ್ಟಿದೋಷವುಳ್ಳವರು ಬ್ಯಾಂಕ್ ಅಧಿಕಾರಿಗಳಾಗಿ, ಶಿಕ್ಷಕರಾಗಿ, ವಕೀಲರಾಗಿ, ತಂತ್ರಾಂಶ ಪರೀಕ್ಷಕರಾಗಿ, ಗ್ರಾಹಕ ಸೇವಾ ಕೇಂದ್ರಗಳ ಸಿಬ್ಬಂದಿಯಾಗಿ ದುಡಿಯುತ್ತಿದ್ದಾರೆ. ದೃಷ್ಟಿದೋಷದ ಕಾರಣಕ್ಕಾಗಿಯೇ ನ್ಯಾಯಾಂಗ ಸೇವೆಯ ಅವಕಾಶವನ್ನು ನಿರಾಕರಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2025ರ ಮಾರ್ಚ್ ತಿಂಗಳಲ್ಲಿ ತೀರ್ಪು ನೀಡಿದೆ. ನ್ಯಾಯದೇವತೆಯ ಕಣ್ಣಿಗೆ ಬಟ್ಟೆ ಕಟ್ಟಿ ಪೂಜಿಸಿದ ಸಮಾಜವು ದೃಷ್ಟಿ ಇಲ್ಲದ ನ್ಯಾಯಾಧೀಶರನ್ನು ಒಪ್ಪಿಕೊಳ್ಳಲು ಹಿಂಜರಿಯಬೇಕಾಗಿಲ್ಲ.

ಎಲ್ಲರೂ ಪದವೀಧರರಲ್ಲ, ಎಲ್ಲರೂ ಬೆಂಗಳೂರಿಗೆ ಹೋಗಲಾರರು. ಹಳ್ಳಿಯಲ್ಲಿ ಉಳಿದೇ ಮಾಡಬಹುದಾದ ಕಾಯಕಗಳೂ ಇವೆ. ಹೈನುಗಾರಿಕೆಯಲ್ಲಿ ಹಾಲು ಕರೆಯುವುದು, ಮೇವು ಹಾಕುವುದು, ಹಸುವಿನ ಮೈ ಸವರಿ ಕಾಯಿಲೆಯನ್ನು ಗುರುತಿಸುವುದು ಬಹುಮಟ್ಟಿಗೆ ಕೈಯ ಕೆಲಸ. ಮನೆಯಿಂದ ಕೊಟ್ಟಿಗೆಗೆ ಒಂದು ಹಗ್ಗ ಕಟ್ಟಿದರೆ ದಾರಿ ಸಿದ್ಧ.

ಒಂದು ಕಿರಾಣಿ ಅಂಗಡಿಯ ಉದಾಹರಣೆಯನ್ನು ಸ್ವಲ್ಪ ವಿವರವಾಗಿ ನೋಡೋಣ. ಅಂಗಡಿಯ ಯಜಮಾನರಿಗೆ ದೃಷ್ಟಿ ಕುಂದಿದೆ ಎಂದಿಟ್ಟುಕೊಳ್ಳಿ. ಮನೆಯವರ ಮೊದಲ ಆಲೋಚನೆ ಅಂಗಡಿಯನ್ನು ಮುಚ್ಚುವುದು ಅಥವಾ ಬಾಡಿಗೆಗೆ ಕೊಡುವುದು. ಅದಕ್ಕೆ ಮುಂಚೆ ಪ್ರತಿಯೊಂದು ಕೆಲಸವನ್ನೂ ಬಿಡಿಸಿ ನೋಡಬೇಕು. ಸಾಮಾನು ಗುರುತಿಸುವುದು: ಡಬ್ಬಿಗಳನ್ನು ನಿಗದಿತ ಕ್ರಮದಲ್ಲಿ ಜೋಡಿಸಿ, ಒಂದೇ ಆಕಾರದವುಗಳಿಗೆ ರಬ್ಬರ್ ಬ್ಯಾಂಡ್ ಅಥವಾ ದಾರದ ಗುರುತು ಕಟ್ಟಬಹುದು. ತೂಕ: ತೂಕವನ್ನು ಮಾತಿನಲ್ಲಿ ಹೇಳುವ ತಕ್ಕಡಿಗಳಿವೆ. ನೋಟು: ಮಹಾತ್ಮಾ ಗಾಂಧಿ ಹೊಸ ಸರಣಿಯ ನೋಟುಗಳ ಎರಡೂ ಅಂಚುಗಳಲ್ಲಿ ಉಬ್ಬು ಗೆರೆಗಳಿವೆ, 100 ರೂಪಾಯಿಗೆ ನಾಲ್ಕು, 200ಕ್ಕೆ ನಾಲ್ಕು ಗೆರೆಗಳ ನಡುವೆ ಎರಡು ವೃತ್ತ, 500ಕ್ಕೆ ಐದು. ನೋಟು ಹಳೆಯದಾಗಿ ಉಬ್ಬು ಸವೆದಿದ್ದರೆ, ಭಾರತೀಯ ರಿಸರ್ವ್ ಬ್ಯಾಂಕ್ 2020ರಲ್ಲಿ ಬಿಡುಗಡೆ ಮಾಡಿದ 'ಮಣಿ' ಎಂಬ ಮೊಬೈಲ್ ಆ್ಯಪ್ ಮುಂದೆ ನೋಟನ್ನು ಹಿಡಿದರೆ ಮುಖಬೆಲೆಯನ್ನು ಹೇಳುತ್ತದೆ. ಅದಕ್ಕೆ ಇಂಟರ್ನೆಟ್ ಕೂಡ ಬೇಡ. ಯುಪಿಐ ಹಣ ಬಂದಾಗ ಅಂಗಡಿಯ ಸೌಂಡ್ ಬಾಕ್ಸ್ ಮೊತ್ತವನ್ನು ಕೂಗಿ ಹೇಳುತ್ತದೆ. ಉದ್ರಿ ಲೆಕ್ಕವನ್ನು ಮೊಬೈಲ್‌ನಲ್ಲಿ ಮಾತಿನಲ್ಲಿಯೇ ಬರೆಸಬಹುದು. ಹೀಗೆ ಬಿಡಿಸಿ ನೋಡಿದಾಗ ಹತ್ತು ಕೆಲಸಗಳಲ್ಲಿ ಒಂದೆರಡಕ್ಕೆ ಮಾತ್ರ ಇನ್ನೊಬ್ಬರ ಕಣ್ಣು ಬೇಕಾಗುತ್ತದೆ. ಆ ಒಂದೆರಡಕ್ಕೆ ನೆರವು ಕೊಟ್ಟು ಉಳಿದ ಎಂಟನ್ನು ಅವರಿಗೇ ಬಿಡುವುದು ಪುನರ್ವಸತಿ. ಆ ಎರಡಕ್ಕಾಗಿ ಹತ್ತನ್ನೂ ಕಸಿದುಕೊಳ್ಳುವುದು ನಮ್ಮಲ್ಲಿ ನಡೆದುಬಂದ ರೂಢಿ.

ಕಾನೂನು ನೀಡಿರುವ ಆಸರೆ

2017ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಮೇಲೆ ಹೇಳಿದ ಅಧಿನಿಯಮವು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವುಳ್ಳವರಿಗೆ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇಕಡಾ 4ರಷ್ಟು ಮೀಸಲಾತಿ ಇದ್ದು, ಅದರಲ್ಲಿ ಶೇಕಡಾ 1 ಅಂಧತ್ವ ಮತ್ತು ಮಂದದೃಷ್ಟಿಯುಳ್ಳವರಿಗೆ ಮೀಸಲು. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 5ರಷ್ಟು ಸ್ಥಾನಗಳಿವೆ. ಪರೀಕ್ಷೆಗಳಲ್ಲಿ ಬರೆಯುವ ಸಹಾಯಕರನ್ನು ಪಡೆಯಲು, ಪ್ರತಿ ಗಂಟೆಗೆ 20 ನಿಮಿಷಗಳ ಹೆಚ್ಚುವರಿ ಕಾಲವನ್ನು ಪಡೆಯಲು ಕೇಂದ್ರ ಸರ್ಕಾರದ ಮಾರ್ಗಸೂಚಿಗಳಲ್ಲಿ ಅವಕಾಶವಿದೆ.

ಬಹಳ ಜನರಿಗೆ ತಿಳಿಯದ ಇನ್ನೊಂದು ಅಂಶ ಅದೇ ಅಧಿನಿಯಮದ 20ನೆಯ ಕಲಮಿನಲ್ಲಿದೆ. ಸೇವೆಯಲ್ಲಿರುವಾಗ ವೈಕಲ್ಯಕ್ಕೆ ಒಳಗಾದ ನೌಕರರನ್ನು ಯಾವ ಸರ್ಕಾರಿ ಸಂಸ್ಥೆಯೂ ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಹಿಂದಿನ ಹುದ್ದೆಗೆ ಅವರು ಹೊಂದದಿದ್ದರೆ ಅದೇ ವೇತನಶ್ರೇಣಿಯ ಬೇರೆ ಹುದ್ದೆಗೆ ವರ್ಗಾಯಿಸಬೇಕು. ಅಂತಹ ಹುದ್ದೆ ಇಲ್ಲದಿದ್ದರೆ ಅದು ದೊರೆಯುವವರೆಗೆ ಅಥವಾ ನಿವೃತ್ತಿಯ ವಯಸ್ಸಿನವರೆಗೆ ಹೆಚ್ಚುವರಿ ಹುದ್ದೆಯಲ್ಲಿ ಇರಿಸಿಕೊಳ್ಳಬಹುದು. ದೃಷ್ಟಿ ಕುಂದಿದ ಶಿಕ್ಷಕರು, ಗುಮಾಸ್ತರು, ಚಾಲಕರು ಬೇಸರದಲ್ಲಿ, ಅಥವಾ ಸಹೋದ್ಯೋಗಿಗಳ ಒತ್ತಾಯಕ್ಕೆ ಮಣಿದು, ಸ್ವಯಂ ನಿವೃತ್ತಿಯ ಪತ್ರಕ್ಕೆ ಸಹಿ ಮಾಡುವ ಮುನ್ನ ಈ ಕಲಮನ್ನು ಓದಿಸಿ ಕೇಳಬೇಕು. ಸಹಿ ಹಾಕುವುದು ಒಂದು ನಿಮಿಷದ ಕೆಲಸ. ಅದರಿಂದ ಕಳೆದುಹೋಗುವುದು ಒಂದು ಕುಟುಂಬದ ಅನ್ನ.

ಎಲ್ಲಿಗೆ ಹೋಗಬೇಕು?

ಮೊದಲು ಜಿಲ್ಲಾ ಆಸ್ಪತ್ರೆಯ ನೇತ್ರತಜ್ಞರ ತಪಾಸಣೆ ಮತ್ತು ಯುಡಿಐಡಿ ಎಂದು ಕರೆಯಲಾಗುವ ವಿಶಿಷ್ಟ ಗುರುತಿನ ಚೀಟಿ. ಮುಂದಿನ ಬಹುತೇಕ ಸೌಲಭ್ಯಗಳಿಗೆ ಈ ಚೀಟಿಯೇ ಬಾಗಿಲು. ಅರ್ಜಿಯ ವಿಷಯದಲ್ಲಿ ನೆರವಾಗಲು ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಇವರು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕೊಂಡಿಗಳು. ಬಿಳಿ ಕೋಲು, ಬ್ರೈಲ್ ಉಪಕರಣಗಳು, ವಿದ್ಯಾರ್ಥಿಗಳಿಗೆ ಮಾತನಾಡುವ ಲ್ಯಾಪ್‌ಟಾಪ್, ಸ್ವಯಂ ಉದ್ಯೋಗದ ಸಾಲ ಮೊದಲಾದವುಗಳ ಮಾಹಿತಿಯನ್ನು ಅವರಲ್ಲಿ ಕೇಳಬಹುದು.

ಬೆಂಗಳೂರಿನಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯದ ವಿಕಲಚೇತನರ ರಾಷ್ಟ್ರೀಯ ವೃತ್ತಿ ಸೇವಾ ಕೇಂದ್ರವಿದೆ. ಹಿಂದೆ ವೃತ್ತಿ ಪುನರ್ವಸತಿ ಕೇಂದ್ರ ಎಂದು ಹೆಸರಿದ್ದ ಈ ಸಂಸ್ಥೆಯಲ್ಲಿ ವ್ಯಕ್ತಿಯ ಸಾಮರ್ಥ್ಯವನ್ನು ಅಳೆದು ತಕ್ಕ ವೃತ್ತಿಯ ಬಗ್ಗೆ ಸಲಹೆ ನೀಡುತ್ತಾರೆ. ಸ್ವಯಂಸೇವಾ ಸಂಸ್ಥೆಗಳಲ್ಲಿ 1969ರಲ್ಲಿ ಆರಂಭವಾದ ಶ್ರೀ ರಮಣ ಮಹರ್ಷಿ ಅಂಧರ ಅಕಾಡೆಮಿ, ರಾಷ್ಟ್ರೀಯ ಅಂಧರ ಸಂಸ್ಥೆಯ ಕರ್ನಾಟಕ ಶಾಖೆ, 1990ರಲ್ಲಿ ಸ್ವತಃ ದೃಷ್ಟಿದೋಷವುಳ್ಳ ಮಧು ಸಿಂಘಾಲ್ ಅವರು ಸ್ಥಾಪಿಸಿದ ಮಿತ್ರಜ್ಯೋತಿ, 1997ರಲ್ಲಿ ಬೆಳಗಾವಿ ಜಿಲ್ಲೆಯವರಾದ ಮಹಾಂತೇಶ ಜಿ. ಕಿವಡಸಣ್ಣವರ ಅವರು ಗೆಳೆಯ ನಾಗೇಶ ಅವರೊಡನೆ ಕಟ್ಟಿದ ಸಮರ್ಥನಂ, 1999ರಲ್ಲಿ ಆರಂಭವಾದ ಎನೇಬಲ್ ಇಂಡಿಯಾ ಇವು ಹೆಸರಾದವು. ದೃಷ್ಟಿ ಇಲ್ಲದವರೇ ಕಟ್ಟಿ ನೂರಾರು ಜನರಿಗೆ ಉದ್ಯೋಗದ ದಾರಿ ತೋರಿದ ಸಂಸ್ಥೆಗಳು ಇವುಗಳಲ್ಲಿವೆ ಎಂಬುದು ಭಕ್ತರ ಗಮನದಲ್ಲಿರಲಿ.

ಮನೆಯವರ ಮತ್ತು ಸಮಾಜದ ಕರ್ತವ್ಯ

ತರಬೇತಿ ಸಂಸ್ಥೆ ಆರು ತಿಂಗಳು ಕಲಿಸಬಹುದು. ಕಲಿತದ್ದು ಉಳಿಯುವುದೂ ಅಳಿಯುವುದೂ ಮನೆಯಲ್ಲಿ. ಆದ್ದರಿಂದ ಕೆಲವು ಸೂಚನೆಗಳನ್ನು ವಿನಂತಿಯ ರೂಪದಲ್ಲಿ ಮುಂದಿಡುತ್ತೇವೆ.

ದೃಷ್ಟಿ ಇಲ್ಲದವರನ್ನು ಕರೆದೊಯ್ಯುವಾಗ ಅವರ ಕೈಹಿಡಿದು ಎಳೆಯಬಾರದು, ಹಿಂದಿನಿಂದ ತಳ್ಳಲೂಬಾರದು. ನಮ್ಮ ಮೊಣಕೈಯನ್ನು ಅವರಿಗೆ ನೀಡಿ ಅರ್ಧ ಹೆಜ್ಜೆ ಮುಂದೆ ನಡೆಯಬೇಕು. ಮೆಟ್ಟಿಲು ಬಂದಾಗ ಏರುವುದೋ ಇಳಿಯುವುದೋ ಎಂದು ಮೊದಲೇ ಹೇಳಬೇಕು. ಅವರ ಹತ್ತಿರ ಬಂದಾಗ ನಮ್ಮ ಹೆಸರನ್ನು ಹೇಳಬೇಕು, ಹೊರಡುವಾಗ ಹೊರಡುತ್ತಿದ್ದೇವೆಂದು ತಿಳಿಸಬೇಕು. 'ನಾನು ಯಾರು ಹೇಳು ನೋಡೋಣ' ಎಂದು ಪರೀಕ್ಷಿಸುವುದು ವಿನೋದವಲ್ಲ. ಮನೆಯ ಕುರ್ಚಿ, ಬಕೆಟ್, ಚಪ್ಪಲಿಗಳನ್ನು ದಾರಿಯಲ್ಲಿ ಬಿಡಬಾರದು. ಬಾಗಿಲುಗಳು ಪೂರ್ಣ ತೆರೆದಿರಬೇಕು ಅಥವಾ ಪೂರ್ಣ ಮುಚ್ಚಿರಬೇಕು. ಅವರ ಬಗ್ಗೆ ಅವರೆದುರೇ ಇನ್ನೊಬ್ಬರನ್ನು ಪ್ರಶ್ನಿಸಬಾರದು. ಊಟಕ್ಕೆ ಏನು ಬೇಕೆಂದು ಅವರನ್ನೇ ಕೇಳಬೇಕು. ಪ್ರಸಾದದ ಪಂಕ್ತಿಯಲ್ಲಿ ಬಡಿಸುವವರು ಎಡಕ್ಕೆ ಪಲ್ಯ, ಬಲಕ್ಕೆ ಕೋಸಂಬರಿ ಎಂದು ಒಂದು ಮಾತು ಹೇಳಿದರೆ ಅವರು ಸಂಕೋಚವಿಲ್ಲದೆ ಪ್ರಸಾದ ಸ್ವೀಕರಿಸುತ್ತಾರೆ.

ಹೆಣ್ಣುಮಕ್ಕಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಮಗನಾದರೆ ತರಬೇತಿಗೆ ಕಳಿಸುವ ತಂದೆತಾಯಿ ಮಗಳಾದರೆ ಸುರಕ್ಷತೆಯ ಹೆಸರಿನಲ್ಲಿ ಮನೆಯಲ್ಲಿಯೇ ಇರಿಸಿಕೊಳ್ಳುತ್ತಾರೆ. ತಂದೆತಾಯಿ ಇಲ್ಲದ ಕಾಲದಲ್ಲಿ ಆಕೆಯನ್ನು ರಕ್ಷಿಸುವುದು ಆಕೆ ಕಲಿತ ವಿದ್ಯೆ ಮತ್ತು ಆಕೆಯ ಹೆಸರಿನ ಗಳಿಕೆ. ಮಹಿಳೆಯರಿಗೆ ಪ್ರತ್ಯೇಕ ವಸತಿಯುಳ್ಳ ತರಬೇತಿ ಎಲ್ಲಿದೆ ಎಂದು ವಿಚಾರಿಸಿ, ಒಮ್ಮೆ ಸ್ವತಃ ಹೋಗಿ ನೋಡಿ ಬಂದರೆ ಅಂಜಿಕೆ ಬಹುಪಾಲು ಕರಗುತ್ತದೆ.

ಸ್ಮರಣ ಸಂಚಿಕೆ, ಪಂಚಾಂಗ, ಆಮಂತ್ರಣ ಪತ್ರಿಕೆ, ಗ್ರಂಥಗಳನ್ನು ಪ್ರಕಟಿಸುವ ಭಕ್ತರಿಗೆ ಇನ್ನೊಂದು ಅರಿಕೆ. ಹಳೆಯ ಫಾಂಟ್‌ಗಳಲ್ಲಿ ಅಚ್ಚು ಜೋಡಿಸಿದ ಬರಹವನ್ನೂ, ಚಿತ್ರದ ರೂಪದಲ್ಲಿ ಹಂಚುವ ಪುಟಗಳನ್ನೂ ಸ್ಕ್ರೀನ್ ರೀಡರ್ ಸರಿಯಾಗಿ ಓದಲಾರದು. ಅದೇ ಬರಹವು ಯುನಿಕೋಡ್ ಪಠ್ಯವಾಗಿದ್ದರೆ ದೃಷ್ಟಿ ಇಲ್ಲದವರು ತಮ್ಮ ಮೊಬೈಲ್‌ನಲ್ಲಿಯೇ ಅದನ್ನು ಕೇಳಬಲ್ಲರು. ಮುದ್ರಿತ ಕೃತಿಗಳನ್ನು ದೃಷ್ಟಿದೋಷವುಳ್ಳವರಿಗೆ ಅನುಕೂಲವಾದ ರೂಪಕ್ಕೆ ತರಲು 2012ರಲ್ಲಿ ತಿದ್ದುಪಡಿಯಾದ ನಮ್ಮ ಕೃತಿಸ್ವಾಮ್ಯ ಕಾನೂನು ಅವಕಾಶ ನೀಡಿದೆ. ಇದೇ ಉದ್ದೇಶದ ಮರ್ರಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲ ದೇಶಗಳಿಗಿಂತ ಮೊದಲು ಅನುಮೋದಿಸಿದ ಹೆಗ್ಗಳಿಕೆ ಭಾರತದ್ದು. ಒಂದು ಗ್ರಂಥವನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಓದಿ ಧ್ವನಿಮುದ್ರಿಸಿ ಕೊಡುವುದು ಮನೆಯಲ್ಲಿ ಕುಳಿತು ಮಾಡಬಹುದಾದ ದಾಸೋಹ. ಪರೀಕ್ಷೆಯ ದಿನ ದೃಷ್ಟಿ ಇಲ್ಲದ ವಿದ್ಯಾರ್ಥಿಗೆ ಬರೆಯುವ ಸಹಾಯಕರಾಗಿ ಹೋಗುವುದೂ ಹಾಗೆಯೇ. ಸಮಯಕ್ಕೆ ಸಹಾಯಕರು ಸಿಗದೆ ಒಂದು ವರ್ಷದ ಓದು ವ್ಯರ್ಥವಾಗುವುದನ್ನು ಇದು ತಪ್ಪಿಸುತ್ತದೆ.

ಕೊನೆಯದಾಗಿ, ಉದ್ಯೋಗ ನೀಡಬಲ್ಲ ಸ್ಥಿತಿಯಲ್ಲಿರುವ ಭಕ್ತರಲ್ಲಿ ನಮ್ಮ ಕೋರಿಕೆ. ಶಾಲೆ, ಸಹಕಾರಿ ಬ್ಯಾಂಕ್, ಗಿರಣಿ, ಆಸ್ಪತ್ರೆ, ಕಚೇರಿಗಳನ್ನು ನಡೆಸುವವರು ನಮ್ಮಲ್ಲಿ ಅನೇಕರಿದ್ದಾರೆ. ದೃಷ್ಟಿ ಇಲ್ಲದವರೊಬ್ಬರು ಕೆಲಸ ಕೇಳಿ ಬಂದಾಗ ನೂರು ರೂಪಾಯಿ ಕೊಟ್ಟು ಕಳಿಸಬೇಡಿ. ನಿಮ್ಮಲ್ಲಿರುವ ಕೆಲಸಗಳನ್ನು ಆ ಕಿರಾಣಿ ಅಂಗಡಿಯಂತೆ ಬಿಡಿಸಿ ನೋಡಿ. ಅವರಿಂದ ಆಗುವುದೆಷ್ಟು ಎಂದು ಅವರನ್ನೇ ಕೇಳಿ. ಮೂರು ತಿಂಗಳ ಅವಕಾಶ ಕೊಡಿ. ಕೆಲಸದಲ್ಲಿ ತಪ್ಪಾದರೆ ಉಳಿದವರಿಗೆ ಹೇಳುವಂತೆಯೇ ಅವರಿಗೂ ಹೇಳಿ, ಸರಿಯಾದರೆ ಉಳಿದವರಿಗೆ ಕೊಡುವ ವೇತನವನ್ನೇ ಅವರಿಗೂ ಕೊಡಿ. ಮೊದಲ ತಿಂಗಳ ಸಂಬಳವನ್ನು ತಂದು ತಾಯಿಯ ಕೈಗಿಡುವವರು, ಅದರಲ್ಲಿ ಒಂದು ಪಾಲನ್ನು ದಾಸೋಹಕ್ಕೆ ಸಲ್ಲಿಸಿ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುವವರು ಇನ್ನಾರ ಕರುಣೆಗೂ ಕಾಯಬೇಕಾಗಿಲ್ಲ.

ತಮ್ಮ ಮನೆಯಲ್ಲಿ ಅಥವಾ ನೆರೆಹೊರೆಯಲ್ಲಿ ದೃಷ್ಟಿ ಕುಂದಿ ಮನೆಯಲ್ಲಿ ಕುಳಿತವರಿದ್ದರೆ, ಈ ವಾರವೇ ಅವರ ಬಳಿಗೆ ಹೋಗಿ ಈ ಲೇಖನವನ್ನು ಓದಿ ಹೇಳಬೇಕೆಂದು ಸದ್ಭಕ್ತರಲ್ಲಿ ಪ್ರಾರ್ಥಿಸುತ್ತೇವೆ.